ಸಂಗೀತ ಸಭೆಯ ದುಡ್ಡು ಮಾಸ್ತರರ ಪಗಾರಕ್ಕೆ ಹೋಗಲಿ

ಜಾತ್ರೆ, ಗಣೇಶೋತ್ಸವ, ಮಠದ ಪುಣ್ಯಸ್ಮರಣೆ ಎಂದು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ವರ್ಷವಿಡೀ ಹಾಡು ಕೇಳಿಸುತ್ತದೆ. ಪೆಂಡಾಲು, ಮೈಕು, ಫ್ಲೆಕ್ಸು, ಶಾಲು-ಹಾರಕ್ಕೆಂದು ಊರವರು ಪಟ್ಟಿ ಎತ್ತುತ್ತಾರೆ; ಕೇಳಿದವರು ಧಾರಾಳವಾಗಿಯೇ ಕೊಡುತ್ತಾರೆ. ಪೆಂಡಾಲು ಬಿಚ್ಚಿದ ಮರುದಿನ ಅದೇ ಊರಿನ ಹತ್ತು ವರ್ಷದ ಹುಡುಗಿ ‘ನಾನೂ ಹಾಡು ಕಲಿಯಬೇಕು’ ಎಂದರೆ ಹೆತ್ತವರು ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ನೋಡುತ್ತಾರೆ. ಅಷ್ಟು ದೂರ ಕಳಿಸಲಾಗದು ಎಂದು ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಸಂಗೀತಕ್ಕೆ ಹಣವಿಲ್ಲದ ಸೀಮೆ ಇದಲ್ಲ. ಹಣವೆಲ್ಲ ಒಂದು ರಾತ್ರಿಗೆ ಕರಗುತ್ತಿದೆ, ಕಲಿಸುವವರ ಕೈಗೆ ತಲುಪುತ್ತಿಲ್ಲ.

ಇದಕ್ಕೆ ಪರಿಹಾರವನ್ನು ಈ ಸೀಮೆಯವರೇ ನೂರು ವರ್ಷದ ಹಿಂದೆ ಕಂಡುಕೊಂಡಿದ್ದರು. ಪಂಚಾಕ್ಷರ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಹುಟ್ಟುಕುರುಡರಾಗಿದ್ದ ಆ ಹುಡುಗ ಮತ್ತು ಅವನ ಅಣ್ಣನ ಹಾಡು ಕೇಳಿದ ಹಾನಗಲ್ಲ ಕುಮಾರ ಶಿವಯೋಗಿಗಳು ಇಬ್ಬರನ್ನೂ ಕಲಿಕೆಗೆ ಹಚ್ಚಿದರು. ಗವಾಯಿಗಳು ಮೈಸೂರಿನ ಕಡೆ ಹೋಗಿ ಕರ್ನಾಟಕ ಸಂಗೀತ ಕಲಿತರು. ಮುಂದೆ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಕಲಿತರು. 1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಅವರು ಆರಂಭಿಸಿದ ಪಾಠಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಅಂಧರು, ಅನಾಥರು ಸೇರಿದ ಶಿಷ್ಯರ ತಂಡ ಹಾರ್ಮೋನಿಯಂ, ತಬಲಾ ಹೊತ್ತು ಊರಿಂದ ಊರಿಗೆ ನಡೆಯುತ್ತಿತ್ತು. ಊರು ಅನ್ನ ಕೊಟ್ಟರೆ ಅಲ್ಲಿ ಪಾಠ, ಸಂಜೆ ಹಾಡು. ಅದೇ 1914ರಲ್ಲಿ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟಯ್ಯ, ಮುಂದೆ ಪುಟ್ಟರಾಜ ಗವಾಯಿಗಳಾಗಿ, ಆ ಶಾಲೆಯನ್ನು 2010ರವರೆಗೆ ಹೊತ್ತರು.

ಶಿಷ್ಯರನ್ನು ಸಾಕಲು ಪಂಚಾಕ್ಷರ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿದರು. ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ನೆರವಿನಿಂದ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತ ಮೇಲೂ ಈ ದಾರಿ ಬದಲಾಗಲಿಲ್ಲ. ಪುಟ್ಟರಾಜ ಗವಾಯಿಗಳ ತುಲಾಭಾರಗಳನ್ನು ಕಂಡವರು ಇಂದಿಗೂ ಊರೂರಲ್ಲಿದ್ದಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅಜ್ಜನವರು, ಇನ್ನೊಂದರಲ್ಲಿ ನಾಣ್ಯ. ಸುತ್ತ ಶಿಷ್ಯರ ಗಾಯನ. ಆ ನಾಣ್ಯ ಆಶ್ರಮದ ಮಕ್ಕಳ ಊಟ, ಪಾಠಕ್ಕೆ ಹೋಗುತ್ತಿತ್ತು, ಕೊಟ್ಟವರಿಗೂ ಅದು ಗೊತ್ತಿತ್ತು. ಬಸವರಾಜ ರಾಜಗುರು, ವೆಂಕಟೇಶ ಕುಮಾರ ಅವರಂಥ ಗಾಯಕರು ಈ ಪರಂಪರೆಯಲ್ಲಿ ಬೆಳೆದವರು. ಪ್ರದರ್ಶನದಿಂದ ಬಂದ ಹಣ ಕಲಿಕೆಗೇ ಹೋಗಬೇಕೆಂಬ ಕಟ್ಟುಪಾಡು ಇಲ್ಲಿ ಹೊಸದಾಗಿ ಹೇಳಿಕೊಡಬೇಕಾದ ಸಂಗತಿಯಲ್ಲ.

ಗುರು ಹತ್ತಿರವಿರಬೇಕು ಎಂಬುದಕ್ಕೆ ಗಂಗೂಬಾಯಿ ಹಾನಗಲ್ ಅವರ ಬದುಕೇ ಸಾಕ್ಷಿ. ಮನೆ, ಮಕ್ಕಳನ್ನು ನೋಡಿಕೊಂಡೇ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ರಾತ್ರಿ ಮರಳುತ್ತಿದ್ದರು. ಗುರು ಪುಣೆಯಲ್ಲೋ ಮುಂಬೈಯಲ್ಲೋ ನೆಲೆಸಿದ್ದರೆ ಆ ಪಾಠ ಸಾಗುತ್ತಿರಲಿಲ್ಲ. ಅವರ ಹೆಸರಿನ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ, ಗುರುಕುಲ ಹುಬ್ಬಳ್ಳಿಯಲ್ಲಿದೆ. ಎರಡೂ ಬೇಕು. ಆದರೆ ಹಿರೇಕೆರೂರಿನ ಹಳ್ಳಿಯಲ್ಲಿ ಶಾಲೆ ಬಿಟ್ಟು ಬಂದ ಹುಡುಗಿಗೆ ಸಂಜೆ ಐದರಿಂದ ಆರೂವರೆಯವರೆಗೆ ‘ಭೂಪ’ ರಾಗದ ಆರೋಹ-ಅವರೋಹ ಹೇಳಿಕೊಡುವವರು ಬಸ್ಸಿನ ಒಂದು ಸ್ಟೇಜಿನೊಳಗೆ ಸಿಗಬೇಕು. ಮನೆಯಿಂದ ದೂರ ಕಳಿಸದ ಹೆಣ್ಣುಮಕ್ಕಳ ಪಾಲಿಗಂತೂ ಇದೊಂದೇ ದಾರಿ.

ಹಾಗಾಗಿ ನಾಲ್ಕು ತಾಲ್ಲೂಕುಗಳ ಸಂಘ-ಸಂಸ್ಥೆಗಳು, ಮಠಗಳು ಸೇರಿ ಪಂಚಾಕ್ಷರ ಗವಾಯಿಗಳ ಆ ಸಂಚಾರಿ ಪಾಠಶಾಲೆಯನ್ನು ಇಂದಿಗೆ ತಕ್ಕಂತೆ ಮತ್ತೆ ನಡೆಸಬೇಕೆಂಬುದು ನನ್ನ ಕೋರಿಕೆ. ಗಾಯನಕ್ಕೊಬ್ಬರು, ತಬಲಾಕ್ಕೊಬ್ಬರು ಮಾಸ್ತರರು; ವಾರದಲ್ಲಿ ಒಂದೊಂದು ದಿನ ಒಂದೊಂದು ತಾಲ್ಲೂಕಿನಲ್ಲಿ ಪಾಠ. ವರ್ಷಕ್ಕೊಮ್ಮೆ ಪ್ರತಿ ಊರಲ್ಲೂ ಸಹಾಯಾರ್ಥ ಸಂಗೀತ ಸಭೆ. ತಿಂಗಳಿಗೆ ಹದಿನೈದು ಸಾವಿರ ರೂಪಾಯಿಯಂತೆ ಇಬ್ಬರ ಪಗಾರ ಹಿಡಿದರೆ ವರ್ಷಕ್ಕೆ 3,60,000. ನಾಲ್ಕು ಊರಿಗೆ ಹಂಚಿದರೆ ಒಂದೊಂದಕ್ಕೆ 90,000. ಮುನ್ನೂರು ಮನೆಗಳು ತಲಾ 300 ರೂಪಾಯಿ ಕೊಟ್ಟರೆ ಆಯಿತು. ಬಸ್ ಚಾರ್ಜು, ಹರಿದ ತಬಲಾದ ಚರ್ಮ, ಗಾಳಿ ಸೋರುವ ಹಾರ್ಮೋನಿಯಂ ರಿಪೇರಿ ಎಂದು ಇನ್ನಷ್ಟು ಬೇಕಾಗುತ್ತದೆ, ನಿಜ. ಆದರೂ ಇದು ಊರಿನ ಕೈಗೆಟುಕುವ ಲೆಕ್ಕ.

ಟಿಕೆಟ್ ಇಟ್ಟರೆ ಮಾತ್ರ ಇದು ಕೆಡುತ್ತದೆ. ಜಾತ್ರೆಯ ಅಂಗಳದಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಕೇಳುವುದು ಇಲ್ಲಿನ ರೂಢಿ. ಬಾಗಿಲು ಹಾಕಿದರೆ ಬಡವರ ಮಕ್ಕಳೇ ಹೊರಗುಳಿಯುತ್ತಾರೆ, ಶಾಲೆ ಬೇಕಾದದ್ದು ಅವರಿಗೇ. ಹಳ್ಳಿ ನಾಟಕದಲ್ಲಿ ಪಾತ್ರಧಾರಿಗೆ ಆಹೇರಿ ಮಾಡಿ ಮೈಕಿನಲ್ಲಿ ಹೆಸರು ಕೂಗಿಸುವ ಪದ್ಧತಿ ನಮ್ಮಲ್ಲಿ ಇದೆಯಲ್ಲ, ಅದನ್ನೇ ಇಲ್ಲೂ ತರಬಹುದು. ಐವತ್ತು ರೂಪಾಯಿ ಕೊಟ್ಟವರ ಹೆಸರೂ ಮೈಕಿನಲ್ಲಿ ಬರಲಿ. ಹಾಡುಗಳೂ ಊರಿನವೇ ಆಗಲಿ. ಶಿಶುನಾಳ ಶರೀಫರೂ ಬಾಡದ ಕನಕದಾಸರೂ ಶಿಗ್ಗಾವಿ ತಾಲ್ಲೂಕಿನವರು. ಸರ್ವಜ್ಞನನ್ನು ಹಿರೇಕೆರೂರು ಸೀಮೆ ತನ್ನವನೆನ್ನುತ್ತದೆ. ಖ್ಯಾಲಿನ ಜೊತೆಗೆ ತತ್ವಪದ, ಕೀರ್ತನೆ, ವಚನ, ರಂಗಗೀತೆ ಇದ್ದರೆ ಭಜನಾ ಮಂಡಳಿಯವರೂ ತಾಳ ಹಿಡಿದು ಬರುತ್ತಾರೆ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇಲ್ಲೇ ಇರುವುದರಿಂದ ಅದರ ಅಧ್ಯಾಪಕರನ್ನೂ ಪಾಠಕ್ಕೆ ಕರೆಯಬಹುದು.

ವೇದಿಕೆಯ ಶಿಸ್ತಿನ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಇಪ್ಪತ್ತು ಜನ ಗಣ್ಯರು, ಇಪ್ಪತ್ತು ಶಾಲು, ಎರಡು ತಾಸು ಭಾಷಣ. ಕಲಾವಿದರು ಶ್ರುತಿ ಹಿಡಿಯುವ ಹೊತ್ತಿಗೆ ರಾತ್ರಿ ಹತ್ತು. ಕಲಿಯುವ ಮಕ್ಕಳಿಗೆ ಸಿಗುವುದು ಕುರ್ಚಿ ತುಂಬುವ ಮೊದಲಿನ ಹತ್ತು ನಿಮಿಷ. ಯಾರ ಹೆಸರಿನಲ್ಲಿ ಹಣ ಎತ್ತುತ್ತೇವೆಯೋ ಆ ಮಕ್ಕಳು ಜನ ತುಂಬಿದ ಮೇಲೆ, ದೊಡ್ಡ ಗಾಯಕರಿಗಿಂತ ತುಸು ಮೊದಲು ಹಾಡಬೇಕು. ಕೊಟ್ಟವರಿಗೆ ತಮ್ಮ ಹಣ ಏನಾಯಿತೆಂದು ಅಲ್ಲೇ ಕೇಳಿಸುತ್ತದೆ. ಕಳೆದ ವರ್ಷದ ಜಮಾ-ಖರ್ಚನ್ನೂ ಅದೇ ಮೈಕಿನಲ್ಲಿ ಓದಬೇಕು.

ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎಂದು ಕೇಳುವವರ ಮಾತು ನ್ಯಾಯವೇ. ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರು ಕಾಣಸಿಗುವುದೇ ಅಪರೂಪ, ಆ ನೇಮಕಾತಿಗಾಗಿ ಒತ್ತಾಯ ನಿಲ್ಲಬಾರದು. ಆದರೆ ಇಂದು ಎಂಟು ವರ್ಷದ ಮಗು ಆದೇಶ ಬರುವವರೆಗೆ ಎಂಟೇ ವರ್ಷದಲ್ಲಿ ನಿಲ್ಲುವುದಿಲ್ಲ.

ಮಾಸ್ತರರನ್ನು ಹುಡುಕಲು ದೂರ ಹೋಗಬೇಕಿಲ್ಲ. ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು, ತಬಲಾ ವಾದಕರು ಶ್ರಾವಣದಲ್ಲಿ ಪುರಾಣ-ಪ್ರವಚನಗಳಿಗೆ ಸಾಥ್ ಕೊಡುತ್ತ ಈ ತಾಲ್ಲೂಕುಗಳಲ್ಲೇ ಓಡಾಡುತ್ತಾರೆ. ಅವರಲ್ಲಿ ಕಣ್ಣು ಕಾಣದವರೂ ಇದ್ದಾರೆ. ಶ್ರಾವಣ ಮುಗಿದರೆ ಅವರ ದುಡಿಮೆಯೂ ತೆಳುವಾಗುತ್ತದೆ. ಮೊದಲ ಸಭೆಗೆ ತಾರೀಖು ಗೊತ್ತುಮಾಡುವ ಮುಂಚೆ ಇಂಥ ಇಬ್ಬರನ್ನು ಕಂಡು, ವರ್ಷದ ಹನ್ನೆರಡು ತಿಂಗಳ ಪಗಾರ ಮಾತಾಡಿ, ಪಾಠದ ವಾರ, ವೇಳೆ ಬರೆದಿಟ್ಟುಕೊಂಡು, ಆಮೇಲೆ ಪಟ್ಟಿಯ ಪುಸ್ತಕ ಹಿಡಿದು ಮನೆಮನೆಗೆ ಹೊರಡಬೇಕು. ಮೆಕ್ಕೆಜೋಳ, ಹತ್ತಿ ಮಾರಿ ರೈತರ ಕೈಯಲ್ಲಿ ನಾಲ್ಕು ಕಾಸು ಆಡುವ ಸುಗ್ಗಿಯ ನಂತರದ ವಾರಗಳೇ ಅದಕ್ಕೆ ಸರಿಯಾದ ಕಾಲ.