ಅಂಗಡಿಯ ದೂರವಾಣಿ ಸಂಖ್ಯೆ ಯಾರ ಹೆಸರಿನಲ್ಲಿದೆ?

ವ್ಯಾಪಾರ ವೃತ್ತಿಯಲ್ಲಿರುವ ನಮ್ಮ ಓದುಗ ಬಂಧುಗಳು ಇತ್ತೀಚೆಗೆ ಮೇಲಿಂದ ಮೇಲೆ ಕೇಳುತ್ತಿರುವ ಪ್ರಶ್ನೆಯೊಂದನ್ನು ಈ ತಿಂಗಳ ಅಂಕಣಕ್ಕೆ ಎತ್ತಿಕೊಂಡಿದ್ದೇವೆ. ಅಂಗಡಿಗೋ ಕಾರ್ಖಾನೆಗೋ ಬರುವ ಕಂಪನಿಗಳ ಪ್ರತಿನಿಧಿಗಳು ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ತೆಗೆದುಹಾಕಿ, ಅಂತರ್ಜಾಲದ ಮೂಲಕ ನಡೆಯುವ ದೂರವಾಣಿಯನ್ನು ಹಾಕಿಸಿಕೊಳ್ಳಿ ಎನ್ನುತ್ತಾರೆ. ಒಬ್ಬರು ಐಪಿ ಪಿಬಿಎಕ್ಸ್ ಎಂದರೆ, ಮತ್ತೊಬ್ಬರು ಕ್ಲೌಡ್ ಪಿಬಿಎಕ್ಸ್ ಎಂದು, ಮೂರನೆಯವರು ವರ್ಚುವಲ್ ನಂಬರ್ ಎಂದು ಹೊಗಳುತ್ತಾರೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು, ಆರಿಸುವಾಗ ಏನನ್ನು ಕೇಳಬೇಕು ಎಂಬುದೇ ಪ್ರಶ್ನೆ.

ದೂರವಾಣಿಯ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿ ನಿರ್ಮಿಸಿದ 128 ಲೈನುಗಳ ಮೊದಲ ಗ್ರಾಮೀಣ ವಿನಿಮಯ ಕೇಂದ್ರವು 1986ರ ಜುಲೈ ತಿಂಗಳಲ್ಲಿ ಆರಂಭವಾದದ್ದು ನಮ್ಮ ಕಿತ್ತೂರಿನಲ್ಲಿಯೇ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿಯೂ, ಬಿಸಿಲು ಧೂಳುಗಳ ನಡುವೆಯೂ ಅದು ಕೆಲಸ ಮಾಡಬಲ್ಲುದಾಗಿತ್ತು. ಅಂದು ಒಂದು ಊರಿಗೆ ಬೇಕಾಗಿದ್ದ ಯಂತ್ರದ ಕೆಲಸವನ್ನು ಇಂದು ಸಾಧಾರಣ ಗಣಕಯಂತ್ರದೊಳಗಿನ ಒಂದು ತಂತ್ರಾಂಶ ಮಾಡುತ್ತದೆ. 1999ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ ತನ್ನ ಪುಟ್ಟ ಕಂಪನಿಗೆ ದೂರವಾಣಿ ವಿನಿಮಯ ಯಂತ್ರ ಕೊಳ್ಳುವಷ್ಟು ಹಣವಿಲ್ಲದೆ ತಾನೇ ಒಂದನ್ನು ಬರೆದನು. ಆಸ್ಟರಿಸ್ಕ್ ಎಂಬ ಆ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟನು. ಇಂದು ಮಾರುಕಟ್ಟೆಯಲ್ಲಿರುವ ಎಷ್ಟೋ ಪೆಟ್ಟಿಗೆಗಳ ಒಳಗಿರುವುದು ಅದೇ.

ಮೊದಲನೆಯ ಬಗೆಯಾದ ಐಪಿ ಪಿಬಿಎಕ್ಸ್ ಎಂದರೆ ಇಂಥ ಯಂತ್ರವನ್ನು ನಮ್ಮದೇ ಕಟ್ಟಡದಲ್ಲಿ ಇರಿಸಿಕೊಳ್ಳುವುದು. ಪ್ರಾರಂಭದಲ್ಲಿ ಹಣ ಹೆಚ್ಚು, ಆಮೇಲೆ ಒಳಗಿನ ಕರೆಗಳಿಗೆ ಖರ್ಚಿಲ್ಲ. ಹೊರಗಿನ ಲೈನನ್ನು ಪರವಾನಗಿ ಪಡೆದ ದೂರಸಂಪರ್ಕ ಕಂಪನಿಯಿಂದ ಪಡೆಯಬೇಕು. ಅಂತರ್ಜಾಲ ಕಡಿದರೂ ಗೋದಾಮಿನಿಂದ ಕಚೇರಿಗೆ ಮಾತನಾಡಬಹುದೆಂಬುದು ಇದರ ದೊಡ್ಡ ಗುಣ. ನೋಡಿಕೊಳ್ಳಲು ತಿಳಿದವರೊಬ್ಬರು ಕೈಗೆಟುಕುವಂತಿರಬೇಕೆಂಬುದು ತೊಡಕು. ಒಂದೇ ಆವರಣದಲ್ಲಿ ಮೂವತ್ತು ನಲವತ್ತು ಎಕ್ಸ್‌ಟೆನ್ಷನ್‌ಗಳಿರುವ ಕಾರ್ಖಾನೆ, ಆಸ್ಪತ್ರೆ, ಕಾಲೇಜುಗಳಿಗೆ ಇದೇ ಲೇಸೆಂದು ನಮ್ಮ ಅಭಿಪ್ರಾಯ.

ಕ್ಲೌಡ್ ಪಿಬಿಎಕ್ಸ್‌ನಲ್ಲಿ ಯಂತ್ರವು ಸೇವೆ ನೀಡುವ ಕಂಪನಿಯ ಬಳಿಯೇ ಇರುತ್ತದೆ. ನಾವು ಎಕ್ಸ್‌ಟೆನ್ಷನ್ ಒಂದಕ್ಕೆ ಇಂತಿಷ್ಟೆಂದು ತಿಂಗಳ ಬಾಡಿಗೆ ಕಟ್ಟುತ್ತೇವೆ. ಅದರ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ ಇರುವುದನ್ನು ಲೆಕ್ಕದಲ್ಲಿ ಮರೆಯಬಾರದು. ಹುಬ್ಬಳ್ಳಿಯಲ್ಲೊಂದು, ಬೆಳಗಾವಿಯಲ್ಲೊಂದು, ಕಲಬುರಗಿಯಲ್ಲೊಂದು ಶಾಖೆ ಇಟ್ಟವರಿಗೆ ಇದು ಅನುಕೂಲ. ಆದರೆ ಅಂಗಡಿಯ ಅಂತರ್ಜಾಲ ನಿಂತರೆ ಮೇಜಿನ ಮೇಲಿನ ಫೋನೂ ಮೂಕವಾಗುತ್ತದೆ. ಅಂಥ ಹೊತ್ತಿನಲ್ಲಿ ಕರೆಯು ತಾನಾಗಿಯೇ ಮೊಬೈಲಿಗೆ ಹೋಗುವ ಏರ್ಪಾಡು ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಮೂರನೆಯದು ವರ್ಚುವಲ್ ನಂಬರ್. ಬೆಂಗಳೂರಿನ ಎಕ್ಸೊಟೆಲ್, ಹೈದರಾಬಾದಿನ ಓಜೋನ್‌ಟೆಲ್ ಮುಂತಾದ ಕಂಪನಿಗಳು ಈ ಬಗೆಯ ಸೇವೆಯನ್ನು ನೀಡುತ್ತಿವೆ. ಗಿರಾಕಿಯು ಆ ಸಂಖ್ಯೆಗೆ ಕರೆ ಮಾಡಿದರೆ 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಎಂಬ ಧ್ವನಿ ಕೇಳಿಸಿ, ಕರೆಯು ನಮ್ಮ ಗುಮಾಸ್ತರ ಸಾಮಾನ್ಯ ಮೊಬೈಲಿಗೆ ಬರುತ್ತದೆ. ಕರೆಯ ಧ್ವನಿಮುದ್ರಣವೂ, ಎತ್ತದೆ ಬಿಟ್ಟ ಕರೆಗಳ ಪಟ್ಟಿಯೂ ದೊರೆಯುತ್ತವೆ. ಅಂಗಡಿಯಲ್ಲಿ ಅಂತರ್ಜಾಲವೇ ಇಲ್ಲದಿದ್ದರೂ ಕರೆ ಬರುವುದು ನಿಲ್ಲದು. ಆದರೆ ಕರೆ ಎರಡು ತುಂಡಾಗಿ ಸಾಗುತ್ತದೆ: ಗಿರಾಕಿಯಿಂದ ಕಂಪನಿಗೆ ಒಂದು, ಕಂಪನಿಯಿಂದ ನಮ್ಮ ಮೊಬೈಲಿಗೆ ಇನ್ನೊಂದು. ದರ ಕೇಳುವಾಗ ಎರಡನೆಯದಕ್ಕೆ ನಿಮಿಷಕ್ಕೆಷ್ಟು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಹತ್ತು ಜನರಿಗಿಂತ ಕಡಿಮೆ ಇರುವ, ಊರೂರು ತಿರುಗುವ ಕೆಲಸದ ಬೀಜ ಗೊಬ್ಬರದ ವ್ಯಾಪಾರಕ್ಕೆ ಇದು ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವೆಂದು ನಾವು ಬಗೆಯುವ ಸಂಗತಿ. ಪ್ರತಿನಿಧಿಗಳು ಹೇಳುವ ಸೌಲಭ್ಯಗಳೆಲ್ಲ ಇಂದಲ್ಲ ನಾಳೆ ಎಲ್ಲ ಕಂಪನಿಗಳಲ್ಲೂ ಸಿಗುತ್ತವೆ. ಆದರೆ ಬಿಲ್ ಪುಸ್ತಕದ ಮೇಲೆ, ಚೀಲದ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ಅಚ್ಚಾದ, ಇಪ್ಪತ್ತು ವರ್ಷಗಳಿಂದ ಗಿರಾಕಿಗಳ ಬಾಯಲ್ಲಿರುವ ಸಂಖ್ಯೆ ಒಮ್ಮೆ ಕೈಬಿಟ್ಟರೆ ಮತ್ತೆ ಸಿಕ್ಕದು. ಕಂಪನಿ ಬದಲಾಯಿಸಿದರೂ ಸಂಖ್ಯೆ ಉಳಿಸಿಕೊಳ್ಳುವ ಸೌಲಭ್ಯವು 2011ರ ಜನವರಿಯಲ್ಲಿ ದೇಶದಾದ್ಯಂತ ಬಂದದ್ದು ಮೊಬೈಲಿಗೆ. ವರ್ಚುವಲ್ ನಂಬರ್ ಬಹುಮಟ್ಟಿಗೆ ಸೇವೆ ನೀಡುವ ಕಂಪನಿಯ ಹೆಸರಿನಲ್ಲಿರುತ್ತದೆ. ಒಪ್ಪಂದ ಮುಗಿದರೆ ಅದು ಅವರ ಬಳಿಯೇ ಉಳಿಯಬಹುದು. ಕಂಪನಿ ದೊಡ್ಡದೆಂಬ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. 2003ರಲ್ಲಿ ಆರಂಭವಾಗಿ, 2011ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸ್ಕೈಪ್ 2025ರ ಮೇ 5ರಂದು ಮುಚ್ಚಿತು. ಹೊರದೇಶಗಳಲ್ಲಿ ಅದರ ಸಂಖ್ಯೆಯನ್ನೇ ನೆಚ್ಚಿ ಕಚೇರಿ ನಡೆಸುತ್ತಿದ್ದವರು ಬೇರೆ ದಾರಿ ಹುಡುಕಬೇಕಾಯಿತು.

ಆದುದರಿಂದ ಗಿರಾಕಿಗಳಿಗೆ ಕೊಡುವ ಸಂಖ್ಯೆ ನಮ್ಮ ಅಂಗಡಿಯ ಹೆಸರಿನಲ್ಲೇ ಪಡೆದ ಮೊಬೈಲ್ ಅಥವಾ ಸ್ಥಿರ ದೂರವಾಣಿಯದಾಗಿರಲಿ. ಅಲ್ಲಿಗೆ ಬಂದ ಕರೆಯನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸಿಕೊಳ್ಳಿ. ಸಿಮ್ ಮಾಲೀಕರ ಹೆಸರಿನಲ್ಲಿದೆಯೋ, ಹಿಂದೆಂದೋ ಕೆಲಸ ಬಿಟ್ಟುಹೋದ ಗುಮಾಸ್ತನ ಹೆಸರಿನಲ್ಲಿದೆಯೋ ಎಂಬುದನ್ನೂ ಇಂದೇ ನೋಡಿಕೊಳ್ಳಿ. ಅಣ್ಣತಮ್ಮಂದಿರು ಪಾಲಾಗುವಾಗ ಅಂಗಡಿ, ಗೋದಾಮು, ಬಾಕಿ ವಸೂಲಿಗಳನ್ನೆಲ್ಲ ಪತ್ರದಲ್ಲಿ ಬರೆಯುತ್ತಾರೆ. ದೂರವಾಣಿ ಸಂಖ್ಯೆ ಯಾರಿಗೆಂಬುದನ್ನು ಬರೆಯುವವರು ವಿರಳ.

ವಿದ್ಯುತ್ತಿನ ಮಾತೂ ಇದೆ. ಹಳೆಯ ತಾಮ್ರದ ತಂತಿಯ ಫೋನಿಗೆ ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ 48 ವೋಲ್ಟ್ ಹರಿದು ಬರುತ್ತಿದ್ದುದರಿಂದ ಮನೆಯ ದೀಪ ಆರಿದರೂ ಫೋನು ಬದುಕಿರುತ್ತಿತ್ತು. ಈಗ ಫೈಬರ್ ಮೋಡೆಮ್, ರೌಟರ್, ಫೋನು ಎಲ್ಲಕ್ಕೂ ಅಂಗಡಿಯ ವಿದ್ಯುತ್ತೇ ಬೇಕು. ಯುಪಿಎಸ್ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಅಂತರ್ಜಾಲದ ವೇಗದ ಬಗ್ಗೆ ಹೆಚ್ಚು ಹೆದರಬೇಕಾಗಿಲ್ಲ. ಸಾಮಾನ್ಯ ಗುಣಮಟ್ಟದ ಒಂದು ಕರೆಗೆ ಹೋಗಲು ಬರಲು ತಲಾ ಸುಮಾರು 87 ಕಿಲೋಬಿಟ್ ಸಾಕು. ಹತ್ತು ಕರೆ ಒಟ್ಟಿಗೆ ನಡೆದರೂ ಒಂದು ಮೆಗಾಬಿಟ್ ಮೀರದು. ಕಷ್ಟ ಕೊಡುವುದು ಏರಿಳಿತ. ಮಾತು ಆಚೆ ಬದಿ ತಲುಪಲು ಸೆಕೆಂಡಿನ ಸಾವಿರದ 150 ಭಾಗಕ್ಕಿಂತ ಹೆಚ್ಚು ಹಿಡಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತನಾಡತೊಡಗುತ್ತಾರೆ. ಪ್ರಯೋಗ ನೋಡುವುದಾದರೆ ಪ್ರತಿನಿಧಿ ಬಂದ ಬೆಳಗಿನ ಹೊತ್ತು ಬೇಡ. ವ್ಯಾಪಾರ ಬಿರುಸಾಗಿರುವ ಸಂಜೆ ನೋಡಿ.

ಕಾನೂನಿನ ವಿಷಯವನ್ನು ಚುಟುಕಾಗಿ ಹೇಳುತ್ತೇವೆ. ನಮ್ಮ ದೇಶದಲ್ಲಿ ಅಂತರ್ಜಾಲ ದೂರವಾಣಿಗೆ 2002ರ ಏಪ್ರಿಲ್‌ನಲ್ಲಿ ಸೀಮಿತ ಅನುಮತಿ ದೊರೆಯಿತು. ಸಾಮಾನ್ಯ ಫೋನುಗಳೊಡನೆ ಜೋಡಿಸುವ ಮುಕ್ತ ಅವಕಾಶ 2018ರ ಜೂನ್‌ನಲ್ಲಿ ಬಂದಿತು. ಇವೆಲ್ಲವೂ ಪರವಾನಗಿ ಪಡೆದ ಕಂಪನಿಗಳ ಮೂಲಕವೇ ನಡೆಯಬೇಕು. 'ನಿಮ್ಮ ಮಾಳಿಗೆಯಲ್ಲಿ ಒಂದು ಪೆಟ್ಟಿಗೆ ಇಡುತ್ತೇವೆ, ತಿಂಗಳಿಗೆ ಒಳ್ಳೆಯ ಬಾಡಿಗೆ ಕೊಡುತ್ತೇವೆ' ಎಂದು ಯಾರಾದರೂ ಬಂದರೆ ಎಚ್ಚರವಿರಲಿ. ಹೊರದೇಶದ ಕರೆಗಳನ್ನು ಅಂತರ್ಜಾಲದಲ್ಲಿ ತಂದು ನೂರಾರು ಸಿಮ್‌ಗಳ ಮೂಲಕ ಸ್ಥಳೀಯ ಕರೆಯಂತೆ ಬಿಡುವ ಸಿಮ್ ಬಾಕ್ಸ್ ಅದು, ಅಪರಾಧ. ಬೆಂಗಳೂರಿನಲ್ಲಿಯೇ ಪೊಲೀಸರು ಇಂಥವನ್ನು ಹಿಡಿದಿದ್ದಾರೆ.

ತುರ್ತು ಕರೆಯ ವಿಚಾರವನ್ನು ಪ್ರತಿನಿಧಿಗಳು ತಾವಾಗಿ ಎತ್ತುವುದು ಕಡಿಮೆ. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹೋಟೆಲೊಂದರಲ್ಲಿ ತಾಯಿಯ ಮೇಲೆ ಹಲ್ಲೆ ನಡೆಯುತ್ತಿದ್ದಾಗ ಒಂಬತ್ತು ವರ್ಷದ ಮಗಳು ನಾಲ್ಕು ಸಲ 911 ಒತ್ತಿದಳು. ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕೆಂಬುದು ಆ ಕೂಸಿಗೆ ಗೊತ್ತಿರಲಿಲ್ಲ. ತಾಯಿ ಉಳಿಯಲಿಲ್ಲ. ಅಜ್ಜನ ಹೋರಾಟದಿಂದ 2018ರಲ್ಲಿ ಅಲ್ಲಿ ಕಾಯ್ದೆಯಾಗಿ, 2020ರ ಫೆಬ್ರವರಿಯ ನಂತರ ಹಾಕುವ ಪ್ರತಿಯೊಂದು ವ್ಯವಸ್ಥೆಯಲ್ಲೂ ನೇರವಾಗಿ 911 ಸಿಗಲೇಬೇಕೆಂದಾಯಿತು. ನಿಮ್ಮ ಕಲ್ಯಾಣಮಂಟಪ, ವಸತಿಗೃಹ, ವಿದ್ಯಾರ್ಥಿನಿಲಯಗಳ ಯಾವುದೇ ಎಕ್ಸ್‌ಟೆನ್ಷನ್‌ನಿಂದ ಸೊನ್ನೆ ಒತ್ತದೆಯೇ 112 ಸಿಗುತ್ತದೆಯೇ? ಹಣ ಕೊಡುವ ಮೊದಲು, ಅಳವಡಿಸುವವರ ಎದುರಿಗೇ ಈ ಏರ್ಪಾಡನ್ನು ಖಾತ್ರಿಪಡಿಸಿಕೊಳ್ಳಿ.

ಕೊನೆಯದಾಗಿ ಕಳ್ಳರ ವಿಷಯ. ಅಂತರ್ಜಾಲಕ್ಕೆ ತೆರೆದಿಟ್ಟ ದೂರವಾಣಿ ಯಂತ್ರದ ಬಾಗಿಲನ್ನು ಯಾರೋ ಎಲ್ಲಿಂದಲೋ ಸದಾ ತಟ್ಟುತ್ತಲೇ ಇರುತ್ತಾರೆ. 1234 ಎಂಬಂಥ ಗುಪ್ತಪದವಿದ್ದರೆ ಶನಿವಾರ ರಾತ್ರಿ ಒಳನುಗ್ಗಿ, ಸೋಮವಾರದೊಳಗೆ ದುಬಾರಿ ಹೊರದೇಶದ ಕರೆಗಳನ್ನು ಮಾಡಿ ಹೋಗುತ್ತಾರೆ. ಬಿಲ್ಲು ನಮ್ಮ ಹೆಸರಿಗೆ. ಐಎಸ್‌ಡಿ ಬೇಡದವರು ಅದನ್ನು ಮೊದಲ ದಿನವೇ ಮುಚ್ಚಿಸಬೇಕು. ಬೇಕಾದವರು ತಿಂಗಳಿಗೆ ಇಂತಿಷ್ಟೇ ಎಂಬ ಮಿತಿಯನ್ನು ಕಂಪನಿಗೆ ಪತ್ರ ಬರೆದು ಹಾಕಿಸಿ, ಆ ಪತ್ರದ ಪ್ರತಿಯನ್ನು ಒಪ್ಪಂದದೊಡನೆ ಕಡತದಲ್ಲಿ ಇರಿಸಿಕೊಳ್ಳಬೇಕು.