ಗೋಡೆ ಮೇಲಿನ ‘ಗುಪ್ತರೋಗ’ ರೀಲ್ಸ್‌ಗೆ ಬಂತು, ಆರೋಗ್ಯ ಇಲಾಖೆ ಎಲ್ಲೈತಿ?

ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಮಗ್ಗ ನಿಲ್ಲುತ್ತವೆ, ಹುಡುಗರು ಕಟ್ಟೆ ಮೇಲೆ ಕೂತು ಮೊಬೈಲ್ ತೆಗೀತಾರೆ. ಹಾಗೆ ಕೂತಿದ್ದಾಗ ಹತ್ತೊಂಬತ್ತರ ನನ್ನ ಅಳಿಯ ಫೋನ್ ನನ್ನ ಕಡೆ ತಿರುಗಿಸಿ ದನಿ ತಗ್ಗಿಸಿದ: “ಮಾಮಾ, ಇದು ಖರೇ ಏನ?”

ರೀಲ್ಸ್‌ನಲ್ಲಿ ಬಿಳಿ ಕೋಟಿನವನೊಬ್ಬ ಹೇಳುತ್ತಿದ್ದ: ಹಸ್ತಮೈಥುನದಿಂದ ನರ ಸತ್ತು ಹೋಗ್ತಾವು, ಮದುವಿ ಆದಮೇಲೆ ಅಳಬೇಕಾಗ್ತೈತಿ. ಕೆಳಗೆ ವಾಟ್ಸಾಪ್ ನಂಬರ್. ಅಳಿಯ ಆಗಲೇ ಪಗಾರದಲ್ಲಿ ಎರಡು ಸಾವಿರ ಕಳಿಸಿ ಪುಡಿ ತರಿಸಿದ್ದ. ಖರೇ ಅಲ್ಲ, ಅದರಿಂದ ಯಾವ ನರವೂ ಸಾಯೋದಿಲ್ಲ ಅಂದೆ. “ಹಂಗಾದ್ರ ಖರೇದ್ದು ಎಲ್ಲಿ ಸಿಗತೈತಿ, ಹೇಳು?” ಅಂದ. ಅವನಿಗೆ ತೋರಿಸೋಕೆ ನಮ್ಮ ಭಾಷೆಯ ಒಂದು ಪೇಜ್ ಕೂಡ ನನಗೆ ತಕ್ಷಣ ಹೊಳೆಯಲಿಲ್ಲ.

ಈ ಧಂದೆ ಹೊಸದೇನಲ್ಲ. ನಾವು ಸಣ್ಣವರಿದ್ದಾಗ ಬಸ್ ಸ್ಟ್ಯಾಂಡ್ ಗೋಡೆ ತುಂಬ ‘ಗುಪ್ತರೋಗಕ್ಕೆ ಖಾತ್ರಿ ಚಿಕಿತ್ಸೆ’ ಅಂತ ಬರೆದಿರುತ್ತಿತ್ತು. ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ, ಗುಪ್ತರೋಗ ವಾಸಿ ಮಾಡ್ತೀವಿ ಅಂತ ಔಷಧಿ ಜಾಹೀರಾತು ಕೊಡೋದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಜೈಲು. ಆದರೆ ಗೋಡೆ ಇದ್ದಲ್ಲೇ ಇರುತ್ತಿತ್ತು, ಓದಿ ಮುಂದೆ ಹೋಗಬಹುದಿತ್ತು. ರೀಲ್ಸ್ ಹಾಗಲ್ಲ, ಒಂದನ್ನು ಪೂರ್ತಿ ನೋಡಿದರೆ ಅಂಥವೇ ಹತ್ತು ಬೆನ್ನು ಹತ್ತುತ್ತವೆ. ಹೆದರಿದ ಹುಡುಗನನ್ನು ಇನ್ನಷ್ಟು ಹೆದರಿಸೋದೇ ಅದರ ಲೆಕ್ಕ. ಇತ್ತ, ಸರಿಯಾದ ಮಾಹಿತಿ ಕೊಡೋ ವೈದ್ಯರು ‘ಸೆಕ್ಸ್’ ಅನ್ನೋ ಪದ ಬರೆದರೆ ವಿಡಿಯೊ ಜನರಿಗೆ ಕಾಣೋದಿಲ್ಲ ಅನ್ನೋ ಭಯಕ್ಕೆ ಅಕ್ಷರದ ನಡುವೆ ಚುಕ್ಕಿ ಇಡುತ್ತಾರೆ.

ಒಂದನ್ನು ಒಪ್ಪಬೇಕು: ಆ ಬಿಳಿ ಕೋಟಿನವ ಮಾತಾಡೋದು ನಮ್ಮ ಕನ್ನಡ. ಸರ್ಕಾರದ ಪೋಸ್ಟರ್ ಮಾತಾಡೋದು ‘ಸುರಕ್ಷಿತ ಲೈಂಗಿಕ ನಡವಳಿಕೆಗಳನ್ನು ಅಳವಡಿಸಿಕೊಳ್ಳಿ’ ಅನ್ನೋ ಕನ್ನಡ. ಡಿಸೆಂಬರ್ 1ಕ್ಕೆ ಕೆಂಪು ರಿಬ್ಬನ್ ಚಿತ್ರ, ಮಂತ್ರಿಗಳ ಫೋಟೊ, ಮುಗೀತು.

ವಿಚಿತ್ರ ಅಂದರೆ, ಈ ವಿಷಯ ಮಾತಾಡೋದು ಹೇಗೆ ಅಂತ ಒಂದು ಕಾಲಕ್ಕೆ ಗೊತ್ತಿದ್ದದ್ದೇ ನಮ್ಮ ಬಾಗಲಕೋಟೆ ಜಿಲ್ಲೆಗೆ. 2007ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಇಲ್ಲಿನ ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಎಚ್‌ಐವಿ ಇತ್ತು, ಅದೂ ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಭಾರತ-ಕೆನಡಾ ಸಹಯೋಗದ ಯೋಜನೆಯಿಂದ ಹಿಡಿದು ಆಮೇಲಿನ ಯೋಜನೆಗಳವರೆಗೆ ಕೆಲಸ ನಡೆದದ್ದು ಭಾಷಣದಿಂದಲ್ಲ. ಲೈಂಗಿಕ ಕಾರ್ಯಕರ್ತೆಯರು, ಅವರಲ್ಲಿ ದೇವದಾಸಿ ಪದ್ಧತಿಗೆ ದೂಡಲ್ಪಟ್ಟವರೂ ಬಹಳ, ತಮ್ಮಂಥವರ ಮನೆ ಬಾಗಿಲಿಗೆ ಹೋಗಿ ಕೂತು ಮಾತಾಡಿದರು. ಕಾಂಡೋಮ್ ಕೊಟ್ಟರು, ಪರೀಕ್ಷೆಗೆ ಜೊತೆಗೆ ಹೋದರು. ಕೇಳೋರ ಪ್ರಶ್ನೆಗೆ ನಾಚದೆ ಉತ್ತರ ಕೊಟ್ಟರು. ಅದೇ ಹೊತ್ತಿಗೆ, 2007ರಲ್ಲೇ, ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬೇಡ ಅಂದ ರಾಜ್ಯಗಳ ಸಾಲಿಗೆ ಕರ್ನಾಟಕವೂ ಸೇರಿತ್ತು! ಆ ಹೆಂಗಸರು ಓಣಿಯಲ್ಲಿ ಆಡಿದ ಮಾತು ಶಾಲೆಯೊಳಗೆ ಬರಲಿಲ್ಲ, ಈಗ ಫೋನಿನೊಳಗೂ ಬಂದಿಲ್ಲ.

ಬರಬೇಕಾದದ್ದು ಏನು? ಎಚ್‌ಐವಿ ಸೋಂಕಿನ ಅನುಮಾನವಿದ್ದರೆ 72 ಗಂಟೆಯೊಳಗೆ ಔಷಧಿ ಶುರು ಮಾಡಿದರೆ ತಡೆಯುವ ಅವಕಾಶವಿದೆ ಅನ್ನೋದು ನಮ್ಮ ಎಷ್ಟು ಹುಡುಗರಿಗೆ ಗೊತ್ತು? ಔಷಧಿ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹರಡೋದಿಲ್ಲ ಅನ್ನೋದು? ಐಸಿಟಿಸಿಯಲ್ಲಿ ಪರೀಕ್ಷೆ ಉಚಿತ, 2017ರ ಎಚ್‌ಐವಿ ಕಾಯ್ದೆ ಪ್ರಕಾರ ಗುಟ್ಟು ಕಾಯೋದು ಅವರ ಕರ್ತವ್ಯ ಅನ್ನೋದು? ಇವೆಲ್ಲ ಒಂದೊಂದು ನಿಮಿಷದ ವಿಡಿಯೊ. ಹೇಳೋರು ನಮ್ಮ ಓಣಿಯವರ ಹಾಗೆ ಮಾತಾಡಬೇಕು, ಕೆಳಗೆ ಬಂದ ಪ್ರಶ್ನೆಗೆ ಉತ್ತರ ಕೊಡೋ ಮನುಷ್ಯ ಇರಬೇಕು.

ಹುಡುಗಿಯರ ಕಥೆ ಬೇರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅವರ ಕೈಯಲ್ಲಿರೋದು ಅಣ್ಣನ ಫೋನು. ಏನು ಹುಡುಕಿದಳು ಅಂತ ಸಂಜೆಗೆ ಅಂವ ನೋಡ್ತಾನೆ. ಅವಳಿಗೆ ಇನ್‌ಸ್ಟಾಗ್ರಾಮ್ ಅಭಿಯಾನ ಮುಟ್ಟೋದಿಲ್ಲ. ಆಶಾ ಕಾರ್ಯಕರ್ತೆಯೇ ಬೇಕು, ಸ್ನೇಹಾ ಕ್ಲಿನಿಕ್‌ನ ಬಾಗಿಲು ತೆರೆದಿರಬೇಕು. ಅಲ್ಲೂ ಒಂದು ತೊಡಕಿದೆ. ಹದಿನೆಂಟರೊಳಗಿನವರ ಲೈಂಗಿಕ ಸಂಬಂಧ ತಿಳಿದರೆ ಪೊಲೀಸರಿಗೆ ಹೇಳಲೇಬೇಕು ಅನ್ನುತ್ತದೆ ಪೋಕ್ಸೊ. ಗರ್ಭಪಾತಕ್ಕೆ ಬರುವ ಅಪ್ರಾಪ್ತೆ ಮತ್ತು ಅವಳ ಪಾಲಕರು ಕೋರಿದರೆ ಆ ವರದಿಯಲ್ಲಿ ಗುರುತು ಕೊಡಬೇಕಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಒಂದು ಸಾಲು ಹದಿನೇಳರ ಹುಡುಗಿಗೆ ಗೊತ್ತಾಗೋದು ಹೇಗೆ? ಇದನ್ನು ಬಿಟ್ಟು ‘ಆಸ್ಪತ್ರೆಗೆ ಬನ್ನಿ’ ಅಂತ ಎಷ್ಟು ಪೋಸ್ಟ್ ಹಾಕಿದರೂ ಅವಳು ಬರೋದಿಲ್ಲ. ನಾನಾಗಿದ್ದರೂ ಹೋಗುತ್ತಿರಲಿಲ್ಲ.

ಅಳಿಯನಿಗೆ ಕೊನೆಗೆ 1097 ಬರೆದುಕೊಟ್ಟೆ, ಏಡ್ಸ್ ನಿಯಂತ್ರಣದವರ ಉಚಿತ ಸಹಾಯವಾಣಿ. “ಇದು ಏಡ್ಸ್‌ನವರದು, ನನಗ ಅದಿಲ್ಲ” ಅಂದ. ಇರಲಿ, ಕೇಳಿ ನೋಡು ಅಂದೆ. ಕರೆಂಟ್ ಬಂತು, ಮಗ್ಗ ಶುರುವಾದವು. ಅಂವ ಫೋನ್ ಹಿಡಿದು ಸದ್ದಿಲ್ಲದ ಕಡೆ ಹೊರಟ. ಹಿಂದೆ ಹೋಗಲು ಎದ್ದೆ. “ನೀ ಇಲ್ಲೇ ಕುಂಡ್ರು ಮಾಮಾ” ಅಂದ.