ಹಲಗೆ ಕಾಣ್ತದೆ, ಹಲಗೆಯವನ ಮುಖ ಯಾಕೆ ಕಾಣಲ್ಲ?

ಅಮೆರಿಕದ ಹಾಡುಗಾರ ಬಾಬ್ ಡಿಲನ್‌ನ ಎಳೆಯ ವಯಸ್ಸಿನ ಫೋಟೋಗಳದೇ ಒಂದು ಪುಸ್ತಕ ಐತೆ. ಹೆಸರು ‘ಯಂಗ್ ಬಾಬ್’. ಫೋಟೋ ತೆಗೆದವರು ಜಾನ್ ಕೊಹೆನ್, ತಾವೂ ಜನಪದ ಸಂಗೀತ ನುಡಿಸುತ್ತಿದ್ದವರು. 1962ರಲ್ಲಿ ತೆಗೆದ ಫೋಟೋಗಳು 2003ರಲ್ಲಿ ಪುಸ್ತಕವಾಗಿ ಬಂದವು. ಫೋಟೋ ತೆಗೆದಾಗ ಆ ಹುಡುಗನಿಗೆ ಇಪ್ಪತ್ತೊ, ಇಪ್ಪತ್ತೊಂದೊ. ನೊಬೆಲ್ ಬಹುಮಾನ ಬಂದದ್ದು 2016ರಲ್ಲಿ. ಅಂದರೆ ಬಹುಮಾನಕ್ಕೆ ಐವತ್ತು ವರ್ಷ ಮೊದಲೇ ಅವನ ಮುಖವನ್ನು ಜೋಪಾನ ಮಾಡಿಟ್ಟವರಿದ್ದರು.

ಇರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಅಮೆರಿಕದ ಇನ್ನೊಬ್ಬನ ಕಥೆ ಕೇಳಿ. ರಾಬರ್ಟ್ ಜಾನ್ಸನ್, ಕರಿಯರ ಬ್ಲೂಸ್ ಹಾಡುಗಾರ. 1938ರಲ್ಲಿ ಇಪ್ಪತ್ತೇಳರ ವಯಸ್ಸಿಗೇ ಸತ್ತ. ಅವನದೇ ಎಂದು ಬಹುಮಟ್ಟಿಗೆ ಒಪ್ಪಿರುವ ಫೋಟೋಗಳು ಮೂರೇ ಮೂರು. ಮೂರನೆಯದು ಲೋಕಕ್ಕೆ ಕಂಡದ್ದು 2020ರಲ್ಲಿ, ಅವನ ಮಲತಂಗಿ ಬರೆದ ಪುಸ್ತಕದಲ್ಲಿ. 1965ರಲ್ಲಿ ಡಿಲನ್ ತನ್ನ ರೆಕಾರ್ಡಿನ ಹೊದಿಕೆಗೆ ಫೋಟೋ ತೆಗೆಸಿಕೊಂಡಾಗ ಸುತ್ತ ಹರಡಿದ ಸಾಮಾನುಗಳ ನಡುವೆ ಈ ಜಾನ್ಸನ್ನನ ರೆಕಾರ್ಡೂ ಇತ್ತು. ಬಿಳಿಯನಿಗೆ ಆಲ್ಬಮ್ಮು, ಕರಿಯನಿಗೆ ಆ ಆಲ್ಬಮ್ಮಿನ ಮೂಲೆ. ಇದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ.

ನಮ್ಮನ್ನೂ ಕ್ಯಾಮೆರಾ ನೋಡಿದೆ ಗೆಳೆಯರೇ. ಹೇಗೆ ನೋಡಿತು ಎಂಬುದೇ ಪ್ರಶ್ನೆ. 1909ರಲ್ಲಿ ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ತಂದ. ಮೂಗಿನ ಉದ್ದಗಲ ಅಳೆದ, ತಲೆಯ ಉದ್ದಗಲ ಅಳೆದ, ಫೋಟೋ ಹಾಕಿದ. ಮೈಸೂರು ಸೀಮೆಯ ಜಾತಿಗಳ ಬಗ್ಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಹೆಸರಿನ ಸಂಪುಟಗಳು 1928ರಿಂದ 1935ರೊಳಗೆ ಬಂದವು. ಶಿವಮೊಗ್ಗ ಜಿಲ್ಲೆಯಲ್ಲಿದ್ದ ನಮ್ಮ ಹೊನ್ನಾಳಿಯೂ ಆಗ ಮೈಸೂರು ಸೀಮೆಯದೇ. ಇಂಥ ಪುಸ್ತಕಗಳಲ್ಲಿ ನಮ್ಮವರ ಫೋಟೋದ ಕೆಳಗೆ ಇರುವುದು ಜಾತಿಯ ಹೆಸರು. ಅವ್ವ ಅಪ್ಪ ಇಟ್ಟ ಹೆಸರಲ್ಲ. ಡಿಲನ್‌ನ ಫೋಟೋ ಒಬ್ಬ ಮನುಷ್ಯನದು, ನಮ್ಮದು ಒಂದು ಮಾದರಿಯದು!

ಆಮೇಲೆ ಊರಿಗೇ ಕ್ಯಾಮೆರಾ ಬಂತು. ಸ್ವಾಮಿಗಳ ಅಡ್ಡಪಲ್ಲಕ್ಕಿಗೆ ಬಂತು, ತೇರಿಗೆ ಬಂತು, ಮಂತ್ರಿಯ ಮೆರವಣಿಗೆಗೆ ಬಂತು. ಆ ಫೋಟೋಗಳನ್ನು ಇವತ್ತು ತೆಗೆದು ನೋಡಿ. ನಡುವೆ ಹಾರ, ಪೇಟ, ಶಾಲು. ಅಂಚಿನಲ್ಲಿ ಅರ್ಧ ಹಲಗೆ, ಒಂದು ಕೈ, ಒಂದು ಕೋಲು. ಕೈಯವನ ಮುಖ ಕತ್ತರಿಸಿ ಹೋಗ್ಯದೆ. ಹುಲ್ಲಿನ ಬೆಂಕಿಗೆ ಹಿಡಿದು, ಚರ್ಮ ಬಿಗಿಯಾಗೋ ತನಕ ಕಾಯಿಸಿ, ಬೆರಳಲ್ಲಿ ತಟ್ಟಿ ನಾದ ಪರೀಕ್ಷೆ ಮಾಡಿ, ರಾತ್ರಿಯೆಲ್ಲ ಹೊಡೆದವನು ಅವನೇ. ಅವನ ಸದ್ದು ಬೇಕು, ಮುಖ ಬೇಡ.

“ಆಗ ಯಾರ ಹತ್ರ ಇತ್ತಪ್ಪ ಕ್ಯಾಮೆರಾ? ಬಡತನ” ಅಂತಾರೆ. ಸುಳ್ಳು. ಕ್ಯಾಮೆರಾ ಹಲಗೆಯವನಿಂದ ನಾಲ್ಕು ಮಾರು ದೂರದಲ್ಲೇ ಇತ್ತು. ತಿರುಗಲಿಲ್ಲ, ಅಷ್ಟೇ.

“ಜನಪದ ಅಂದ್ರೆ ಅನಾಮಿಕ, ಅದು ಎಲ್ಲರ ಸೊತ್ತು” ಅಂತ ಪಂಡಿತರು ಹೇಳ್ತಾರೆ. ಎಲ್ಲರ ಸೊತ್ತಾದರೆ ಸಂಗ್ರಹಿಸಿದವರ ಹೆಸರು ಯಾಕೆ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಇರ್ತದೆ? ಹಾಡಿದವಳು ಅನಾಮಿಕಳು, ಬರಕೊಂಡವನು ವಿದ್ವಾಂಸ. ಈ ಲೆಕ್ಕ ಯಾವ ಧರ್ಮದ್ದು?

ಈಗ ಪ್ರಶಸ್ತಿ ಕೊಡ್ತಾರೆ, ನಿಜ. ಬುರ್ರಕಥೆಯ ದರೋಜಿ ಈರಮ್ಮನಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. ಆ ತಾಯಿ 2014ರಲ್ಲಿ ತೀರಿಕೊಂಡರು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಮಗೆ ಹೆಮ್ಮೆಯೇ. ಆದರೆ ಪತ್ರಿಕೆಯಲ್ಲಿ ನಾವು ಕಂಡದ್ದು ಸುಕ್ಕಾದ ಮುಖ, ಕೈಯಲ್ಲಿ ಫಲಕ. ಊರೂರು ಅಲೆದ ಹುಡುಗಿ ಈರಮ್ಮನ, ಹರೆಯದ ಮುನಿವೆಂಕಟಪ್ಪನ ಪುಸ್ತಕ ಎಲ್ಲಿ? ನಮ್ಮ ಕಲಾವಿದ ಮುದುಕನಾಗಿಯೇ ಹುಟ್ಟುತ್ತಾನೇನು? ಅವನಿಗೆ ಕಲಿಕೆ ಇಲ್ಲವೇ, ಗುರು ಇಲ್ಲವೇ, ತಪ್ಪಿದ ತಾಳ ಇಲ್ಲವೇ? ಎಳೆಯ ವಯಸ್ಸಿನ ಫೋಟೋ ಹೇಳುವುದು ಇದನ್ನೇ: ಇದು ಜಾತಿಯ ರಕ್ತದಲ್ಲಿ ಬಂದ ಚಾಕರಿಯಲ್ಲ, ಒಬ್ಬ ಮನುಷ್ಯ ಬೆವರು ಸುರಿಸಿ ಕಲಿತ ವಿದ್ಯೆ. ಅದಕ್ಕೇ ಆ ಫೋಟೋ ಅವರಿಗೆ ಬೇಡ.

ಇನ್ನೊಂದು ಮಾತು ನಮ್ಮವರಿಗೇ. ಹಲಗೆಯನ್ನು ಬರೀ ಹೊಗಳಿದರೆ ಸಾಲದು. ಸತ್ತ ದನ ಎಳೆಯೋದು, ಊರಿನ ಸಾವಿಗೆ ಬಿಟ್ಟಿ ಬಡಿಯೋದು, ಕೊನೆಗೆ ದೂರ ನಿಂತು ಅನ್ನ ಇಸ್ಕೊಳ್ಳೋದು – ಹಲಗೆಯ ಚರ್ಮಕ್ಕೆ ಇದೆಲ್ಲ ಅಂಟಿಕೊಂಡೈತೆ. ದಲಿತ ಚಳವಳಿ ಅದೇ ಹಲಗೆಯನ್ನು ಮೆರವಣಿಗೆಯ ಮುಂದಕ್ಕೆ ತಂದು ಅದರ ಅರ್ಥ ತಿರುಗಿಸಿತು. ಆದ್ದರಿಂದ ನಮ್ಮ ಆಲ್ಬಮ್ಮಿನಲ್ಲಿ ಹಲಗೆ ಹೊಡೆದವನೂ ಇರಬೇಕು, “ಇನ್ನು ನಿಮ್ಮ ಹೆಣಕ್ಕೆ ಹೊಡೆಯಲ್ಲ” ಅಂತ ಕೋಲು ಕೆಳಗಿಟ್ಟವನೂ ಇರಬೇಕು. ಇಬ್ಬರೂ ಕಲಾವಿದರೇ.

ಈಗ ಕೇರಿಯ ಹುಡುಗರ ಜೇಬಿನಲ್ಲೂ ಮೊಬೈಲ್ ಐತೆ. ಇನ್ನು ನೆಪ ಬೇಡ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ಗೆಳೆಯರೇ, ಈ ಜಾತ್ರೆಯ ಕಾಲದಲ್ಲೇ ಶುರು ಮಾಡಿ. ಹಲಗೆ ಕಲೀತಿರೋ ಹುಡುಗ ಹುಡುಗಿಯರ ಫೋಟೋ ತೆಗೆಯಿರಿ. ಮೊದಲು ಅವರನ್ನು ಕೇಳಿ, ಒಪ್ಪಿದರೆ ತೆಗೆಯಿರಿ. ಬರೀ ಕೈ ಅಲ್ಲ, ಮುಖ ಬರಲಿ. ಕೆಳಗೆ ಹೆಸರು, ಊರು, ಇಸವಿ, ಕಲಿಸಿದವರ ಹೆಸರು ಬರೆಯಿರಿ. ಹಳೇ ಟ್ರಂಕಿನಲ್ಲಿ ಅಜ್ಜನದೊಂದು ಫೋಟೋ ಇದ್ದರೆ ಗೆದ್ದಲು ತಿನ್ನೋಕೆ ಮೊದಲು ಅದಕ್ಕೂ ಹೆಸರು ಬರೆದು ಪ್ರತಿ ಮಾಡಿಸಿ. ಅಕಾಡೆಮಿ, ವಿಶ್ವವಿದ್ಯಾಲಯಗಳು ಫೋಟೋ ಕೇಳಿದರೆ ಒಂದೇ ಷರತ್ತು ಹಾಕಿ: ಹೆಸರಿಲ್ಲದೆ ನಮ್ಮ ಮುಖ ಅಚ್ಚಾಗಕೂಡದು.

ನಮ್ಮ ಸದ್ದು ಸಾವಿರ ವರ್ಷ ಕೇಳಿದ್ದೀರಿ. ಇನ್ನು ಮುಖ ನೋಡಿ!